‘ನನಗೆ ಲೆಕ್ಕದ ತಲೆ ಇಲ್ಲ’ ಎನ್ನುವವರನ್ನು ಕಳೆದುಕೊಳ್ಳದಿರಲು ಏನು ಮಾಡಬಹುದು?

ಪ್ರೋಗ್ರಾಮಿಂಗ್ ಕಲಿಸಲು ಶುರು ಮಾಡಿದ ಹೊಸದರಲ್ಲಿ ನಾನೊಂದು ತಪ್ಪು ಮಾಡುತ್ತಿದ್ದೆ. ಮೂರನೇ ವಾರದ ಹೊತ್ತಿಗೆ ತರಗತಿಯನ್ನು ಮನಸ್ಸಿನಲ್ಲೇ ಎರಡು ಪಾಲು ಮಾಡಿಬಿಡುತ್ತಿದ್ದೆ. ‘ಇವರಿಗೆ ಬರುತ್ತೆ’, ‘ಇವರಿಗೆ ಬರಲ್ಲ’. ಬರುವವರು ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳುತ್ತಿದ್ದರು. ಬರದವರು ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿರುತ್ತಿದ್ದರು. ಒಂದು ವರ್ಷ ಆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೋರ್ಸ್ ಬಿಡುತ್ತೇನೆ ಎಂದು ಬಂದಳು. ಯಾಕೆ ಎಂದು ಕೇಳಿದೆ. ‘ನನಗೆ ಕೋಡಿಂಗ್ ತಲೆ ಇಲ್ಲ ಮೇಡಂ, ಅವರೆಲ್ಲ ಎಷ್ಟು ಬೇಗ ಹೇಳ್ತಾರೆ ನೋಡಿ’ ಅಂದಳು. ಆ ‘ಅವರೆಲ್ಲ’ ಐದಾರು ವರ್ಷಗಳಿಂದ ಮನೆಯಲ್ಲೇ ಕಂಪ್ಯೂಟರ್ ಮುಂದೆ ಕೂತು ಬಂದವರು. ಇವಳು ಕೋಡ್ ಅಂತ ಬರೆದು ಮೂರು ವಾರ. ಈ ಮಾತನ್ನು ನಾನು ಅವಳಿಗೆ ಮೊದಲೇ ಹೇಳಬೇಕಿತ್ತು. ಹೇಳಿರಲಿಲ್ಲ, ಯಾಕೆಂದರೆ ನನಗೇ ಅದು ಹೊಳೆದಿರಲಿಲ್ಲ. ಅವಳು ಬಿಟ್ಟು ಹೋದಳು.

ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ, ಒಟ್ಟಾಗಿ ಸ್ಟೆಮ್ ಎನ್ನುವ ಈ ನಾಲ್ಕು ಕ್ಷೇತ್ರಗಳಲ್ಲೂ ಇದೇ ಕಥೆ ನಡೆಯುತ್ತಿರುತ್ತದೆ. ಮೊದಲೇ ಶುರು ಮಾಡಿದವರನ್ನು ನಾವು ಹುಟ್ಟು ಪ್ರತಿಭಾವಂತರು ಎಂದುಕೊಳ್ಳುತ್ತೇವೆ. ತಡವಾಗಿ ಬಂದವರನ್ನು ಇದಕ್ಕೆ ಆಗದವರು ಎಂದುಕೊಳ್ಳುತ್ತೇವೆ. ಯಾರು ಮೊದಲೇ ಶುರು ಮಾಡಿರುತ್ತಾರೆ, ಯಾರು ತಡವಾಗಿ ಬರುತ್ತಾರೆ ಅನ್ನೋದು ಸುಮ್ನೆ ಆಕಸ್ಮಿಕವಾಗಿ ಹಂಚಿಕೆಯಾಗಿರುವುದಿಲ್ಲ, ಅಲ್ವಾ? ಮನೆಯಲ್ಲಿ ಉಪಕರಣ ಇತ್ತೋ ಇಲ್ಲವೋ, ಬಿಚ್ಚಿ ನೋಡಲು ಯಾರಿಗೆ ಬಿಟ್ಟರು, ಯಾರಿಗೆ ‘ಅದನ್ನ ಮುಟ್ಟಬೇಡ’ ಅಂದರು, ಇವೆಲ್ಲ ಅದರೊಳಗೆ ಸೇರಿವೆ.

ನೀವು ಕಲಿಸುವವರಾಗಿರಬಹುದು, ತಂಡ ನಡೆಸುವವರಾಗಿರಬಹುದು, ಮಗುವಿನ ಹೋಂವರ್ಕ್ ನೋಡುವ ಅಪ್ಪ ಅಮ್ಮ ಆಗಿರಬಹುದು. ಕೆಳಗಿನ ಹೆಜ್ಜೆಗಳನ್ನು ನಿಮ್ಮ ಜಾಗಕ್ಕೆ ತಕ್ಕ ಹಾಗೆ ಬದಲಿಸಿಕೊಳ್ಳಿ. ಎಲ್ಲವನ್ನೂ ಒಟ್ಟಿಗೆ ಮಾಡಬೇಕಿಲ್ಲ. ಆದರೆ ಮೊದಲನೆಯದನ್ನು ಬಿಡಬೇಡಿ.

ಹೆಜ್ಜೆ 1: ನಿಮ್ಮದೇ ನಂಬಿಕೆಯನ್ನು ಕಾಗದದ ಮೇಲೆ ಇಳಿಸಿ

‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆ ನಮ್ಮ ಬಾಯಲ್ಲೇ ಇದೆ. ‘ಹಾಡ್ತಾ ಹಾಡ್ತಾ ರಾಗ’ ಅನ್ನುವ ಮಾತೂ ನಮ್ಮಲ್ಲೇ ಇದೆ. ಗಣಿತ, ಕೋಡಿಂಗ್ ಎಂದ ಕೂಡಲೇ ನಿಮಗೆ ಈ ಎರಡರಲ್ಲಿ ಯಾವುದು ನಿಜ ಅನ್ನಿಸುತ್ತದೆ? ಯಾರೂ ನೋಡದ ಹಾಗೆ ಒಂದು ಹಾಳೆಯ ಮೇಲೆ ಪ್ರಾಮಾಣಿಕವಾಗಿ ಬರೆಯಿರಿ.

ಆಮೇಲೆ ನಿಮ್ಮ ತರಗತಿಯಲ್ಲೋ ತಂಡದಲ್ಲೋ ‘ಇವರಿಗೆ ಆಗಲ್ಲ’ ಎಂದು ನಿಮಗೆ ಅನ್ನಿಸಿರುವ ಮೂವರ ಹೆಸರು ಬರೆಯಿರಿ. ಪ್ರತಿ ಹೆಸರಿನ ಮುಂದೆ, ಯಾವುದನ್ನು ನೋಡಿ ಹಾಗೆ ಅನ್ನಿಸಿತು ಎಂದು ಬರೆಯಿರಿ. ನಿಧಾನವಾಗಿ ಉತ್ತರ ಕೊಟ್ಟದ್ದು, ಕೈ ಎತ್ತದೆ ಇದ್ದದ್ದು, ಪಾರಿಭಾಷಿಕ ಪದ ಗೊತ್ತಿಲ್ಲದ್ದು, ಮಾತಿನಲ್ಲಿ ಅಳುಕು ಇದ್ದದ್ದು. ನಾನು ಬರೆದಾಗ ನನ್ನ ಪಟ್ಟಿಯಲ್ಲಿ ಬಹುತೇಕ ಇವೇ ಇದ್ದವು. ಇವುಗಳಲ್ಲಿ ಒಂದೂ ಕಲಿಯುವ ಶಕ್ತಿಯ ಅಳತೆಯಲ್ಲ. ಎಲ್ಲವೂ ಅಭ್ಯಾಸದ, ಧೈರ್ಯದ ಅಳತೆ.

‘ಆದರೆ ಅಂಕಗಳೇ ಎರಡು ಗುಂಪಾಗಿ ಬರುತ್ತವಲ್ಲ’ ಎಂದು ಕಂಪ್ಯೂಟರ್ ಸೈನ್ಸ್ ಕಲಿಸುವವರು ಹೇಳುವುದುಂಟು. ಈ ಮಾತಿನ ಹಿಂದೆ ಒಂದು ಕಥೆಯಿದೆ. ಬ್ರಿಟನ್ನಿನ ಮಿಡಲ್‌ಸೆಕ್ಸ್ ವಿಶ್ವವಿದ್ಯಾಲಯದ ಸಯೀದ್ ದೆಹ್ನಾದಿ ಮತ್ತು ರಿಚರ್ಡ್ ಬಾರ್ನಾಟ್ 2006ರಲ್ಲಿ ಒಂದು ಕರಡು ಪ್ರಬಂಧವನ್ನು ಹರಿಯಬಿಟ್ಟರು. ಕೋರ್ಸ್ ಶುರುವಾಗುವ ಮೊದಲೇ ಒಂದು ಸಣ್ಣ ಪರೀಕ್ಷೆ ಇಟ್ಟು, ಯಾರಿಗೆ ಪ್ರೋಗ್ರಾಮಿಂಗ್ ಬರುತ್ತೆ, ಯಾರಿಗೆ ಬರಲ್ಲ ಎಂದು ಬೇರ್ಪಡಿಸಬಹುದು ಎಂಬುದು ಅದರ ಸಾರ. ಅದು ಎಲ್ಲೆಡೆ ಹಬ್ಬಿತು. 2014ರಲ್ಲಿ ಬಾರ್ನಾಟ್ ಅವರೇ ಆ ವಾದವನ್ನು ಬಹಿರಂಗವಾಗಿ ಹಿಂದಕ್ಕೆ ಪಡೆದರು. ಆ ಸುದ್ದಿ ಮಾತ್ರ ಅಷ್ಟು ಹಬ್ಬಲಿಲ್ಲ.

2016ರಲ್ಲಿ ಎಲಿಜಬೆತ್ ಪಟಿಟ್ಸಾಸ್ ಮತ್ತು ಸಂಗಡಿಗರು ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಕಂಪ್ಯೂಟರ್ ಸೈನ್ಸ್ ತರಗತಿಗಳ ಅಂಕಗಳ ಹರವನ್ನು, ಅಂದರೆ ಎಷ್ಟು ಅಂಕ ಎಷ್ಟು ಜನರಿಗೆ ಬಂತು ಎಂಬುದನ್ನು, ಪರೀಕ್ಷಿಸಿದರು. ಒಟ್ಟು 778 ಹರವುಗಳು. ಅವುಗಳ ಗ್ರಾಫಿನಲ್ಲಿ ನಿಜಕ್ಕೂ ಎರಡು ಉಬ್ಬುಗಳಿವೆ, ಅಂದರೆ ಅಂಕಗಳು ಎರಡು ಗುಂಪಾಗಿವೆ ಎನ್ನಬಹುದಾಗಿದ್ದದ್ದು 5.8 ಶೇಕಡಾ ಮಾತ್ರ. ಇನ್ನೊಂದು ಸಂಗತಿ ನನಗೆ ಜಾಸ್ತಿ ತಟ್ಟಿತು. ಕಲಿಸುವವರ ಮುಂದೆ ಅಸ್ಪಷ್ಟವಾದ ಗ್ರಾಫ್‌ಗಳನ್ನು ಇಟ್ಟಾಗ, ಹುಟ್ಟು ಪ್ರತಿಭೆಯನ್ನು ನಂಬುವವರಿಗೆ ಅದರಲ್ಲಿ ಎರಡು ಉಬ್ಬುಗಳು ಜಾಸ್ತಿ ಸಲ ಕಂಡವು. ಅಂದರೆ ನಂಬಿಕೆ ಮೊದಲು ಬರುತ್ತೆ, ಸಾಕ್ಷಿ ಆಮೇಲೆ ಕಾಣುತ್ತೆ.

ಈ ನಂಬಿಕೆ ನಮ್ಮ ಮನಸ್ಸಿನೊಳಗೇ ಉಳಿಯುತ್ತದೆ, ಯಾರಿಗೂ ತೊಂದರೆಯಿಲ್ಲ ಎಂದುಕೊಳ್ಳಬೇಡಿ. ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ 150 ಮಂದಿ ಸ್ಟೆಮ್ ಪ್ರಾಧ್ಯಾಪಕರನ್ನೂ ಅವರ 15,000ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನೂ ನೋಡಿದ ಅಧ್ಯಯನ 2019ರಲ್ಲಿ ಬಂತು. ‘ಬುದ್ಧಿ ಬದಲಾಗುವುದಿಲ್ಲ’ ಎಂದು ನಂಬುವ ಪ್ರಾಧ್ಯಾಪಕರ ತರಗತಿಗಳಲ್ಲಿ, ಜನಾಂಗಗಳ ನಡುವಿನ ಅಂಕಗಳ ಅಂತರ ಇತರ ತರಗತಿಗಳಿಗಿಂತ ಎರಡು ಪಟ್ಟಿನಷ್ಟಿತ್ತು. ಅಲ್ಲಿ ಉತ್ಸಾಹ ಕಡಿಮೆ ಎಂದೂ ವಿದ್ಯಾರ್ಥಿಗಳು ಹೇಳಿದ್ದರು. ನಾವು ಬಾಯಿಬಿಟ್ಟು ಹೇಳದಿದ್ದರೂ ಮಕ್ಕಳಿಗೆ ಗೊತ್ತಾಗುತ್ತೆ.

ಹೆಜ್ಜೆ 2: ಈ ನಂಬಿಕೆ ಯಾರನ್ನು ಹೊರಗೆ ಹಾಕುತ್ತದೆ ಎಂದು ತಿಳಿಯಿರಿ

ಇಲ್ಲಿ ಮಾಡುವುದಕ್ಕಿಂತ ತಿಳಿಯುವುದೇ ಜಾಸ್ತಿ. 2015ರಲ್ಲಿ ಸಾರಾ ಜೇನ್ ಲೆಸ್ಲಿ, ಆಂಡ್ರೇ ಚಿಂಪಿಯನ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 30 ವಿಷಯಗಳ 1,800ಕ್ಕೂ ಹೆಚ್ಚು ವಿದ್ವಾಂಸರನ್ನು ಅವರು ಕೇಳಿದ್ದು ಇಷ್ಟೇ: ನಿಮ್ಮ ವಿಷಯದಲ್ಲಿ ಮೇಲೆ ಬರಲು ಕಲಿಸಿದರೂ ಬಾರದಂಥ ವಿಶೇಷ ಪ್ರತಿಭೆ ಬೇಕೇ? ‘ಬೇಕು’ ಎಂದು ಹೆಚ್ಚು ನಂಬುವ ವಿಷಯಗಳಲ್ಲಿ ಪಿಎಚ್‌ಡಿ ಪಡೆದ ಹೆಂಗಸರು ಕಡಿಮೆ ಇದ್ದರು. ಇದು ಭೌತಶಾಸ್ತ್ರ, ಗಣಿತಕ್ಕೆ ಸೀಮಿತವಾಗಿರಲಿಲ್ಲ. ತತ್ವಶಾಸ್ತ್ರದಲ್ಲೂ ಹಾಗೇ ಇತ್ತು. ಅಮೆರಿಕದ ಕಪ್ಪು ಜನಾಂಗದವರ ಸಂಖ್ಯೆಯಲ್ಲೂ ಇದೇ ರೀತಿ ಕಂಡಿತು.

ಯಾಕೆ? ಯಾಕೆಂದರೆ ‘ಮಹಾ ಬುದ್ಧಿವಂತ’ ಎಂದಾಗ ಸಮಾಜದ ಕಣ್ಣಮುಂದೆ ಬರುವ ಮುಖ ಎಲ್ಲರ ಮುಖವಲ್ಲ. ಇದು ಎಷ್ಟು ಬೇಗ ಶುರುವಾಗುತ್ತದೆ ಎಂಬುದನ್ನು ಲಿನ್ ಬಿಯಾನ್ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದರು. ‘ತುಂಬಾ ತುಂಬಾ ಜಾಣರು’ ಯಾರು ಎಂದು ಕೇಳಿದಾಗ 5 ವರ್ಷದ ಹುಡುಗಿಯರೂ ಹುಡುಗರೂ ತಮ್ಮವರನ್ನೇ ತೋರಿಸಿದರು. 6 ವರ್ಷಕ್ಕೆ ಬರುವಾಗ ಹುಡುಗಿಯರು ತಮ್ಮವರನ್ನು ತೋರಿಸುವುದು ಕಡಿಮೆಯಾಗಿತ್ತು. ‘ಇದು ತುಂಬಾ ಜಾಣರಿಗೆ’ ಎಂದು ಹೇಳಿದ ಆಟದಲ್ಲಿ ಅವರ ಆಸಕ್ತಿಯೂ ಇಳಿದಿತ್ತು. ಅದೇ ಆಟವನ್ನು ‘ಇದು ತುಂಬಾ ಪ್ರಯತ್ನ ಮಾಡುವವರಿಗೆ’ ಎಂದಾಗ ಹುಡುಗರಷ್ಟೇ ಆಸಕ್ತಿ ಇತ್ತು.

ಆರು ವರ್ಷ! ಅಕ್ಷರ ಕೂಡಿಸಿ ಓದಲು ಕಲಿಯುವ ವಯಸ್ಸಿನಲ್ಲೇ ಮಗು ‘ಇದು ನನಗಲ್ಲ’ ಎಂದು ಪಕ್ಕಕ್ಕೆ ಸರಿಯುತ್ತಿದೆ. ನನಗೆ ಇದನ್ನು ಓದಿ ಸಂಕಟವಾಯಿತು. ಆದರೆ ಕೆಲಸ ಮಾಡಬೇಕಾದ ಜಾಗವೂ ಅಲ್ಲೇ ಕಾಣುತ್ತದೆ. ಆಟ ಬದಲಾಗಿರಲಿಲ್ಲ. ಆಟವನ್ನು ಪರಿಚಯಿಸಿದ ಮಾತು ಬದಲಾಗಿತ್ತು.

ಹೆಜ್ಜೆ 3: ಬಾಯಿಂದ ಬರುವ ಮಾತು ಬದಲಿಸಿ

ಒಂದು ವಾರ ನಿಮ್ಮ ಮಾತನ್ನೇ ಗಮನಿಸಿ. ‘ಇದು ತುಂಬಾ ಸಿಂಪಲ್’, ‘ಇಷ್ಟೂ ಗೊತ್ತಿಲ್ವಾ’, ‘ನೋಡಿದರೇ ಗೊತ್ತಾಗುತ್ತಲ್ಲ’. ನಾವು ಧೈರ್ಯ ತುಂಬಲು ‘ಸುಲಭ’ ಎನ್ನುತ್ತೇವೆ. ಅರ್ಥವಾಗದೆ ಕೂತವರಿಗೆ ಅದು ‘ಸುಲಭದ್ದೂ ನಿನಗೆ ಬರಲಿಲ್ಲ’ ಎಂದು ಕೇಳಿಸುತ್ತದೆ. ಅದರ ಬದಲು ‘ಇದು ಮೊದಲ ಸಲ ಎಲ್ಲರಿಗೂ ಗೊಂದಲ ಮಾಡುತ್ತೆ, ಮೂರ್ನಾಲ್ಕು ಸಲ ಮಾಡಿದ ಮೇಲೆ ಹಿಡಿತ ಸಿಗುತ್ತೆ’ ಎನ್ನಿ. ಅದು ನಿಜವೂ ಹೌದು.

ಹೊಗಳಿಕೆಯಲ್ಲೂ ಎಚ್ಚರ ಬೇಕು. 1998ರಲ್ಲಿ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಐದನೇ ತರಗತಿಯ ಮಕ್ಕಳಿಗೆ ಆಕೃತಿಗಳನ್ನು ಹೊಂದಿಸುವ ಒಗಟುಗಳನ್ನು ಕೊಟ್ಟರು. ಕೆಲವರಿಗೆ ‘ನೀನು ಜಾಣ’ ಎಂದರು, ಕೆಲವರಿಗೆ ‘ಚೆನ್ನಾಗಿ ಶ್ರಮ ಪಟ್ಟೆ’ ಎಂದರು. ಆಮೇಲೆ ಕಷ್ಟದ ಒಗಟು ಬಂದು ಸೋತಾಗ, ಜಾಣ ಎನಿಸಿಕೊಂಡ ಮಕ್ಕಳು ಬೇಗ ಕುಗ್ಗಿದರು. ಮುಂದಿನ ಸುತ್ತಿನಲ್ಲಿ ಮೊದಲಿಗಿಂತ ಕಡಿಮೆ ಸರಿ ಮಾಡಿದರು. ಅಂಕ ಎಷ್ಟೆಂದು ಕೇಳಿದಾಗ ಅವರಲ್ಲಿ ಸುಮಾರು 40 ಶೇಕಡಾ ಮಕ್ಕಳು ಹೆಚ್ಚಿಸಿ ಹೇಳಿದರು. ಜಾಣ ಎಂಬ ಹೆಸರು ಉಳಿಸಿಕೊಳ್ಳಬೇಕಿತ್ತಲ್ಲ, ಪಾಪ.

ಹಾಗೆಂದು ಎಲ್ಲದಕ್ಕೂ ‘ಚೆನ್ನಾಗಿ ಶ್ರಮ ಪಟ್ಟೆ’ ಎನ್ನುತ್ತಾ ಹೋದರೆ ಅದು ಸಮಾಧಾನದ ಮಾತಾಗಿಬಿಡುತ್ತದೆ. ಸಮಾಧಾನ ಹೇಳುವುದು ಬೈಯುವುದಕ್ಕಿಂತ ಜಾಸ್ತಿ ಕೆಡುಕು ಮಾಡುವುದೂ ಉಂಟು. ‘ಪರವಾಗಿಲ್ಲ ಬಿಡು, ಎಲ್ಲರಿಗೂ ಮ್ಯಾಥ್ಸ್ ಬರಬೇಕು ಅಂತೇನಿಲ್ಲ’ ಎಂದು ನಾವು ಪ್ರೀತಿಯಿಂದಲೇ ಹೇಳುತ್ತೇವೆ. 2012ರ ಒಂದು ಅಧ್ಯಯನದಲ್ಲಿ ಇಂಥ ಮಾತು ಕೇಳಿದ ವಿದ್ಯಾರ್ಥಿಗಳು, ಗುರುಗಳಿಗೆ ತಮ್ಮ ಮೇಲೆ ನಿರೀಕ್ಷೆಯೇ ಇಲ್ಲ ಎಂದು ಅರ್ಥ ಮಾಡಿಕೊಂಡರು. ಅವರ ಹುರುಪೂ ಇಳಿಯಿತು.

ಹಾಗಾದರೆ ಏನು ಹೇಳಬೇಕು? ಏನು ಮಾಡಿದರು ಎಂಬುದನ್ನು ಹೆಸರಿಟ್ಟು ಹೇಳಿ. ‘ಲೂಪ್ ತಪ್ಪಾದಾಗ ನೀನು ಪ್ರತಿ ಸುತ್ತಿನ ಬೆಲೆ ಬರೆದು ನೋಡಿದೆಯಲ್ಲ, ಅದು ಸರಿಯಾದ ದಾರಿ.’ ತಪ್ಪು ತಿದ್ದಿ ಕೊಡುವಾಗ ಮೂರು ಸಂಗತಿ ಒಟ್ಟಿಗೆ ಇರಲಿ: ನನ್ನ ಮಟ್ಟ ಎತ್ತರದ್ದು, ನೀನು ಅದನ್ನು ಮುಟ್ಟುತ್ತೀಯ ಎಂದು ನನಗೆ ಗೊತ್ತು, ಅದಕ್ಕೇ ಇಷ್ಟೆಲ್ಲ ಗುರುತು ಹಾಕಿದ್ದೇನೆ. ಅಮೆರಿಕದ ಏಳನೇ ತರಗತಿಯ ಮಕ್ಕಳ ಪ್ರಬಂಧಗಳಿಗೆ ಇಂಥ ಒಂದು ಚೀಟಿ ಅಂಟಿಸಿ ಕೊಟ್ಟಾಗ, ಶಾಲೆಯ ಮೇಲೆ ನಂಬಿಕೆ ಕಳೆದುಕೊಂಡಿದ್ದ ಮಕ್ಕಳೂ ಮತ್ತೆ ಕೂತು ತಿದ್ದಿ ಬರೆದರು. ಚೀಟಿ ಸುಳ್ಳಾಗಿರಬಾರದು, ಅಷ್ಟೇ. ನಿರೀಕ್ಷೆ ಇಲ್ಲದೆ ಬರೆದರೆ ಮಕ್ಕಳು ಹಿಡಿದುಬಿಡುತ್ತಾರೆ.

ಹೆಜ್ಜೆ 4: ಅನುಭವವನ್ನೂ ಸಾಮರ್ಥ್ಯವನ್ನೂ ಬೇರೆ ಮಾಡಿ

ಮೊದಲನೆಯದರ ಜೊತೆ ಇನ್ನೊಂದೇ ಒಂದು ಹೆಜ್ಜೆ ಮಾಡಲು ಸಮಯವಿದೆ ಎಂದರೆ ಇದನ್ನು ಮಾಡಿ.

ಅಮೆರಿಕದ ಹಾರ್ವಿ ಮಡ್ ಕಾಲೇಜಿಗೆ 2006ರಲ್ಲಿ ಮರಿಯಾ ಕ್ಲಾವ್ ಅಧ್ಯಕ್ಷೆಯಾಗಿ ಬಂದರು. ಆ ಹೊತ್ತಿಗೆ ಅಲ್ಲಿ ಕಂಪ್ಯೂಟರ್ ಸೈನ್ಸ್ ಆರಿಸಿಕೊಳ್ಳುವವರಲ್ಲಿ ಹೆಣ್ಣುಮಕ್ಕಳು ಸುಮಾರು 10 ಶೇಕಡಾ. ವಿಭಾಗದವರು ಮೊದಲ ವರ್ಷದ ಕೋರ್ಸನ್ನು ಬದಲಿಸಿದರು. ಮೊದಲೇ ಕೋಡಿಂಗ್ ಗೊತ್ತಿದ್ದವರಿಗೆ ಒಂದು ತರಗತಿ, ಗೊತ್ತಿಲ್ಲದವರಿಗೆ ಇನ್ನೊಂದು. ಹೆಸರಿಗೆ ‘ಸುಲಭ’, ‘ಕಷ್ಟ’ ಎಂದಿಡದೆ ಕಾಲೇಜಿನ ಬಣ್ಣಗಳಾದ ಚಿನ್ನ, ಕಪ್ಪು ಎಂದಿಟ್ಟರು. ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆ ಬಿಟ್ಟು ಪೈಥಾನ್ ಎಂಬ ಭಾಷೆಯಿಂದ ಶುರು ಮಾಡಿದರು. ಬರೀ ವ್ಯಾಕರಣದ ಬದಲು ವಿಜ್ಞಾನದ ಬೇರೆ ಬೇರೆ ಪ್ರಶ್ನೆಗಳನ್ನು ಬಿಡಿಸುವ ಕೆಲಸ ಕೊಟ್ಟರು. ತರಗತಿಯಲ್ಲಿ ತನಗೆ ಎಲ್ಲ ಗೊತ್ತು ಎಂದು ತೋರಿಸಿಕೊಂಡು ಉಳಿದವರನ್ನು ಹೆದರಿಸುವ ವಿದ್ಯಾರ್ಥಿಯನ್ನು ಪಕ್ಕಕ್ಕೆ ಕರೆದು, ‘ನಿನ್ನ ಜೊತೆ ಮಾತಾಡುವುದು ನನಗೆ ಖುಷಿ, ಆದರೆ ಅದನ್ನು ತರಗತಿಯ ಹೊರಗೆ ಇಟ್ಟುಕೊಳ್ಳೋಣ’ ಎಂಬ ಧಾಟಿಯಲ್ಲಿ ಹೇಳಿದರು. ಸುಮಾರು ಐದು ವರ್ಷಗಳಲ್ಲಿ ಹೆಣ್ಣುಮಕ್ಕಳ ಪಾಲು 40 ಶೇಕಡಾ ಹತ್ತಿರ ಬಂತು.

ಇದಕ್ಕೂ ಮುಂಚೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಹೀಗೇ ಆಗಿತ್ತು. ಪ್ರವೇಶದ ವೇಳೆ ಹಿಂದಿನ ಪ್ರೋಗ್ರಾಮಿಂಗ್ ಅನುಭವಕ್ಕೆ ಕೊಡುತ್ತಿದ್ದ ತೂಕವನ್ನು ಇಳಿಸಿದರು. ಹೊಸಬರಿಗೂ ಹಳಬರಿಗೂ ಬೇರೆ ಬೇರೆ ಬಾಗಿಲು ಇಟ್ಟರು. ಕಂಪ್ಯೂಟರ್ ಸೈನ್ಸ್‌ಗೆ ಸೇರುವವರಲ್ಲಿ ಹೆಣ್ಣುಮಕ್ಕಳು 1995ರಲ್ಲಿ 7 ಶೇಕಡಾ ಇದ್ದವರು 2000ದಲ್ಲಿ 42 ಶೇಕಡಾ ಆದರು. ಐದು ವರ್ಷದಲ್ಲಿ ಹುಟ್ಟುಗುಣ ಬದಲಾಗುತ್ತದೆಯೇ? ಬಾಗಿಲು ಬದಲಾಗಿತ್ತು.

ಇತಿಹಾಸ ನೋಡಿದರೂ ಅದೇ ಕಾಣುತ್ತದೆ. 1946ರಲ್ಲಿ ಜಗತ್ತಿಗೆ ತೋರಿಸಿದ ಎನಿಯಾಕ್ ಕಂಪ್ಯೂಟರಿನ ಮೊದಲ ಪ್ರೋಗ್ರಾಮರುಗಳು ಆರು ಮಂದಿ ಹೆಂಗಸರು. ಅಮೆರಿಕದಲ್ಲಿ ಕಂಪ್ಯೂಟರ್ ಸೈನ್ಸ್ ಪದವಿ ಪಡೆದವರಲ್ಲಿ ಹೆಂಗಸರ ಪಾಲು 1980ರ ದಶಕದ ನಡುವೆ 37 ಶೇಕಡಾ ಮುಟ್ಟಿತ್ತು. ಆಮೇಲೆ ಇಳಿಯುತ್ತಾ 18 ಶೇಕಡಾ ಸುಮಾರಿಗೆ ಬಂತು. ಆ ಹೊತ್ತಿಗೇ ಮನೆಗಳಿಗೆ ಬಂದ ಕಂಪ್ಯೂಟರುಗಳನ್ನು ಹುಡುಗರ ಆಟಿಕೆಯಂತೆ ಮಾರಿದರು. ಹುಡುಗರು ಅನುಭವ ಹೊತ್ತು ಕಾಲೇಜಿಗೆ ಬಂದರು. ತರಗತಿಗಳು ಅವರ ವೇಗಕ್ಕೆ ಹೊಂದಿಕೊಂಡವು.

ನಿಮ್ಮ ಜಾಗದಲ್ಲಿ ಹೀಗೆ ಮಾಡಿ. ಕೋರ್ಸ್ ಅಥವಾ ತರಬೇತಿಗೆ ಮೊದಲು ಒಂದು ಪುಟದ ಪ್ರಶ್ನಾವಳಿ ಕಳಿಸಿ. ‘ನಿಮಗೆ ಎಷ್ಟು ಬರುತ್ತೆ’ ಎಂದು ಕೇಳಬೇಡಿ. ಅದಕ್ಕೆ ಧೈರ್ಯಸ್ಥರು ಜಾಸ್ತಿ, ಅಳುಕುವವರು ಕಡಿಮೆ ಬರೆಯುತ್ತಾರೆ. ‘ಹಿಂದೆ ಎಷ್ಟು ತಿಂಗಳು ಕೋಡ್ ಬರೆದಿದ್ದೀರಿ’, ‘ಮನೆಯಲ್ಲಿ ನಿಮ್ಮ ಕೈಗೆ ಸಿಗುವ ಕಂಪ್ಯೂಟರ್ ಇತ್ತೇ’, ‘ಯಾವ ಉಪಕರಣ ಬಿಚ್ಚಿ ಜೋಡಿಸಿದ್ದೀರಿ’ ಎಂಬಂಥ ಎಣಿಸಬಹುದಾದ ಪ್ರಶ್ನೆ ಕೇಳಿ. ಮೊದಲ ದಿನವೇ ಎಲ್ಲರ ಮುಂದೆ ಲೆಕ್ಕ ಒಪ್ಪಿಸಿ: ‘ನಿಮ್ಮಲ್ಲಿ ಇಷ್ಟು ಜನ ಮೂರು ವರ್ಷಕ್ಕಿಂತ ಜಾಸ್ತಿ ಕೋಡ್ ಬರೆದಿದ್ದೀರಿ, ಇಷ್ಟು ಜನ ಇವತ್ತೇ ಶುರು. ಮೊದಲ ಎರಡು ತಿಂಗಳು ಯಾರಾದರೂ ಬೇಗ ಮುಗಿಸಿದರೆ ಆ ವ್ಯತ್ಯಾಸ ಇಲ್ಲಿಂದ ಬಂದದ್ದು.’ ಯಾರ ಹೆಸರನ್ನೂ ಹೇಳಬೇಡಿ. ಈ ಎರಡು ನಿಮಿಷದ ಮಾತನ್ನು ಅಂದು ಆ ಹುಡುಗಿಗೆ ಹೇಳಿದ್ದರೆ ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

ಎರಡು ತರಗತಿ ಮಾಡುವಷ್ಟು ಜನ, ಜಾಗ ಇಲ್ಲದಿದ್ದರೆ ಮೊದಲ ಕೆಲಸವನ್ನಾದರೂ ಎಲ್ಲರಿಗೂ ಹೊಸದಾದದ್ದರಿಂದ ಶುರು ಮಾಡಿ. ಯಾರೂ ಬಳಸದ ಒಂದು ಭಾಷೆ, ಕಾಗದದ ಮೇಲೆ ಬಿಡಿಸುವ ಅಲ್ಗಾರಿದಮ್, ಯಾರೂ ನೋಡದ ಒಂದು ಸರ್ಕಿಟ್. ಅನುಭವಿಗಳಿಗೆ ಬೇರೆ ದಾರಿ ಇರಲಿ. ಅವರನ್ನು ಸುಮ್ಮನೆ ಕೂರಿಸುವುದೂ ಅನ್ಯಾಯವೇ. ಮುಂದುವರಿದ ಪ್ರಾಜೆಕ್ಟ್ ಕೊಟ್ಟರೆ ಅವರೂ ಬೆಳೆಯುತ್ತಾರೆ.

ಹೆಜ್ಜೆ 5: ‘ನಾನೂ ಇಲ್ಲಿಯವಳು’ ಎನ್ನಿಸುವ ಹಾಗೆ ಮಾಡಿ

ಗೋಡೆಯಿಂದ ಶುರು ಮಾಡಿ. ಸಪ್ನಾ ಚೆರಿಯನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಪ್ಯೂಟರ್ ಸೈನ್ಸ್ ಕೊಠಡಿಯೊಂದನ್ನು ಎರಡು ರೀತಿ ಸಿಂಗರಿಸಿದ್ದರು. ಒಂದರಲ್ಲಿ ‘ಸ್ಟಾರ್ ಟ್ರೆಕ್’ ಎಂಬ ವೈಜ್ಞಾನಿಕ ಕಲ್ಪನೆಯ ಸೀರಿಯಲ್ಲಿನ ಪೋಸ್ಟರ್, ವಿಡಿಯೊ ಗೇಮ್ ಡಬ್ಬಗಳು. ಇನ್ನೊಂದರಲ್ಲಿ ನಿಸರ್ಗದ ಚಿತ್ರ, ನೀರಿನ ಬಾಟಲಿ, ಎಲ್ಲರೂ ಓದುವ ಪತ್ರಿಕೆಗಳು. ಎರಡನೇ ಕೊಠಡಿಗೆ ಬಂದ ಹೆಣ್ಣುಮಕ್ಕಳಿಗೆ ಕಂಪ್ಯೂಟರ್ ಸೈನ್ಸ್‌ನಲ್ಲಿ ಜಾಸ್ತಿ ಆಸಕ್ತಿ ಮೂಡಿತು. ಹುಡುಗರ ಆಸಕ್ತಿಗೆ ಅದರಿಂದ ಧಕ್ಕೆಯಾಗಲಿಲ್ಲ.

ಮಹಾನ್ ವ್ಯಕ್ತಿಗಳ ಫೋಟೊ ಹಾಕುವುದಕ್ಕಿಂತ, ಹಿಂದಿನ ವರ್ಷದ ಇಬ್ಬರು ಸಾಮಾನ್ಯ ವಿದ್ಯಾರ್ಥಿಗಳನ್ನು ಕರೆದು ಮಾತಾಡಿಸಿದರೆ ಒಳ್ಳೆಯದು. ಮೊದಲ ಪರೀಕ್ಷೆಯಲ್ಲಿ ಎಷ್ಟು ಬಂತು, ಯಾವ ವಾರ ಬಿಟ್ಟುಬಿಡೋಣ ಅನ್ನಿಸಿತು, ಆಮೇಲೆ ಯಾರ ಹತ್ತಿರ ಹೋದರು, ಇಷ್ಟು ನಿರ್ದಿಷ್ಟವಾಗಿ ಹೇಳಲಿ. ಗ್ರೆಗ್ ವಾಲ್ಟನ್ ಮತ್ತು ಜೆಫ್ರಿ ಕೋಹೆನ್ 2011ರಲ್ಲಿ ವರದಿ ಮಾಡಿದ ಪ್ರಯೋಗವೂ ಹೀಗೇ ಇತ್ತು. ‘ಮೊದಲ ವರ್ಷ ಇಲ್ಲಿ ಒಂಟಿ ಅನ್ನಿಸುವುದು ಎಲ್ಲರಿಗೂ ಆಗುತ್ತೆ, ಬರಬರುತ್ತಾ ಹೋಗುತ್ತೆ’ ಎಂದು ಹಿರಿಯರ ಮಾತಿನಲ್ಲಿ ಓದಿಸಿದರು. ಬರೀ ಒಂದು ಗಂಟೆಯ ಕೆಲಸ. ಮುಂದಿನ ಮೂರು ವರ್ಷಗಳಲ್ಲಿ ಕಪ್ಪು ಜನಾಂಗದ ವಿದ್ಯಾರ್ಥಿಗಳ ಮತ್ತು ಬಿಳಿಯರ ಅಂಕಗಳ ಅಂತರ ಅರ್ಧಕ್ಕೆ ಇಳಿಯಿತು.

ಹೆಜ್ಜೆ 6: ಪಾಠ, ಲ್ಯಾಬ್, ಮೀಟಿಂಗ್ ನಡೆಸುವ ರೀತಿ ಬದಲಿಸಿ

ಮೊದಲು ಮೌನ ಕಲಿಯಿರಿ. ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನದ ತರಗತಿಗಳನ್ನು ರೆಕಾರ್ಡ್ ಮಾಡಿ ಕೇಳಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುತ್ತಿದ್ದದ್ದು ಸುಮಾರು 1 ಸೆಕೆಂಡ್. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಮೊದಲು ಬಾಯಿ ಬಿಡದ ಮಕ್ಕಳೂ ಮಾತಾಡಿದರು. ಮನಸ್ಸಿನಲ್ಲೇ ‘ಒಂದು, ಎರಡು, ಮೂರು’ ಎಣಿಸಿ. ಮೊದಮೊದಲು ಆ ಮೂರು ಸೆಕೆಂಡ್ ತುಂಬಾ ಉದ್ದ ಅನ್ನಿಸುತ್ತೆ. ತಡೆದುಕೊಳ್ಳಿ.

‘ಡೌಟ್ ಇದ್ಯಾ?’ ಎಂದು ಕೇಳುವುದನ್ನು ಬಿಡಿ. ಅದಕ್ಕೆ ‘ಇಲ್ಲ’ ಎಂಬ ಒಂದೇ ಉತ್ತರ ಬರುತ್ತದೆ. ‘ಇದರಲ್ಲಿ ನಿಮಗೆ ಮಸುಕಾಗಿರುವ ಒಂದು ಜಾಗ ಬರೆಯಿರಿ’ ಎಂದು ಒಂದು ನಿಮಿಷ ಕೊಡಿ. ಆಮೇಲೆ ಪಕ್ಕದವರ ಜೊತೆ ಮಾತಾಡಲಿ. ಆಮೇಲೆ ನೀವು ಕೇಳಿ. ಹೀಗೆ ಬರೆದು, ಚರ್ಚಿಸಿ, ಕಲಿಯುವ ಪಾಠಗಳನ್ನು ಬರೀ ಉಪನ್ಯಾಸಗಳ ಜೊತೆ ಹೋಲಿಸಿದ 225 ಅಧ್ಯಯನಗಳನ್ನು ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು 2014ರಲ್ಲಿ ಒಟ್ಟುಗೂಡಿಸಿದರು. ಉಪನ್ಯಾಸ ಮಾತ್ರ ಕೇಳಿದ ಸ್ಟೆಮ್ ವಿದ್ಯಾರ್ಥಿಗಳು ಫೇಲಾಗುವ ಸಾಧ್ಯತೆ 1.5 ಪಟ್ಟು ಇತ್ತು.

ಲ್ಯಾಬಿನಲ್ಲಿ ಯಾರ ಕೈಯಲ್ಲಿ ಏನಿದೆ ನೋಡಿ. ವಿದ್ಯುತ್ ಅಳೆಯುವ ಮಲ್ಟಿಮೀಟರ್ ಒಬ್ಬರ ಕೈಯಲ್ಲಿ, ರೆಕಾರ್ಡ್ ಬುಕ್ ಇನ್ನೊಬ್ಬರ ಕೈಯಲ್ಲಿ. ಸೆಮಿಸ್ಟರ್ ಪೂರ್ತಿ ಹಾಗೇ ಇರುತ್ತದೆ. ಬರೆದುಕೊಂಡವರ ಅಕ್ಷರ ಚೆಂದ ಎಂದು ಎಲ್ಲರೂ ಹೊಗಳುತ್ತಾರೆ, ಮಲ್ಟಿಮೀಟರ್ ಹಿಡಿದವರಿಗೆ ಕೈ ಪಳಗುತ್ತದೆ. ವರ್ಷದ ಕೊನೆಗೆ ‘ಅವನಿಗೆ ಪ್ರಾಕ್ಟಿಕಲ್ ಚೆನ್ನಾಗಿ ಬರುತ್ತೆ’ ಎನ್ನುತ್ತೇವೆ. ಬಂದೇ ಬರುತ್ತದೆ, ಅವನಿಗೆ ಮಾತ್ರ ಕೊಟ್ಟಿದ್ದೇವಲ್ಲ. ಆದ್ದರಿಂದ ಕೆಲಸಗಳ ಪಟ್ಟಿ ಮಾಡಿ, ಗಡಿಯಾರ ನೋಡಿ ಬದಲಿಸಿ. ಇಬ್ಬರು ಸೇರಿ ಕೋಡ್ ಬರೆಯುವಾಗ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಕೀಬೋರ್ಡ್ ಕೈ ಬದಲಿಸಲಿ. ‘ನೀವೇ ಹೊಂದಿಸಿಕೊಳ್ಳಿ’ ಎಂದರೆ ಹೊಂದುವುದಿಲ್ಲ. ಕಚೇರಿಯ ತಂಡದಲ್ಲೂ ಹೀಗೇ. ಮೀಟಿಂಗಿನ ಟಿಪ್ಪಣಿ ಯಾರು ಬರೆಯುತ್ತಾರೆ, ಸರ್ವರ್ ಬಿದ್ದಾಗ ಯಾರನ್ನು ಕರೆಯುತ್ತೀರಿ, ಒಂದು ತಿಂಗಳು ಲೆಕ್ಕ ಇಡಿ.

ಹಿಂದುಳಿದವರಿಗೆ ಹೆಚ್ಚುವರಿ ತರಗತಿ ಇಡುವ ಮೊದಲು ಗಣಿತ ಕಲಿಸುತ್ತಿದ್ದ ಯೂರಿ ಟ್ರೈಸ್ಮನ್ ಅವರ ಕೆಲಸ ನೆನಪಿರಲಿ. 1970ರ ದಶಕದಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕ್ಯಾಲ್ಕುಲಸ್‌ನಲ್ಲಿ ಸೋಲುತ್ತಿದ್ದ ಕಪ್ಪು ವಿದ್ಯಾರ್ಥಿಗಳನ್ನು ಅವರು ಹತ್ತಿರದಿಂದ ನೋಡಿದರು. ಶ್ರಮದ ಕೊರತೆ ಇರಲಿಲ್ಲ. ಅವರು ಒಬ್ಬೊಬ್ಬರೇ ಓದುತ್ತಿದ್ದರು. ಚೀನೀ ಮೂಲದ ವಿದ್ಯಾರ್ಥಿಗಳು ಒಟ್ಟಿಗೆ ಕೂತು, ಒಬ್ಬರ ತಪ್ಪನ್ನು ಇನ್ನೊಬ್ಬರು ಹಿಡಿಯುತ್ತಾ ಓದುತ್ತಿದ್ದರು. ಟ್ರೈಸ್ಮನ್ ರಿಪೇರಿ ತರಗತಿ ಇಡಲಿಲ್ಲ. ಗುಂಪಾಗಿ ಕೂತು ಬಿಡಿಸುವ, ಇನ್ನೂ ಕಷ್ಟದ ಲೆಕ್ಕಗಳ ಕಾರ್ಯಾಗಾರ ಇಟ್ಟರು. ಫಲಿತಾಂಶ ಬದಲಾಯಿತು.

ಹೆಜ್ಜೆ 7: ಬಾಗಿಲು, ಪರದೆ, ಭಾಷೆ

ಇದು ಚಿಕ್ಕ ಪಟ್ಟಿ, ಆದರೆ ಬಿಟ್ಟರೆ ಕೆಲವರು ಒಳಗೇ ಬರಲಾರರು. ಸ್ಕ್ಯಾನ್ ಮಾಡಿದ ಫೋಟೊ ಪಿಡಿಎಫ್ ಅನ್ನು ಸ್ಕ್ರೀನ್ ರೀಡರ್ (ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ತಂತ್ರಾಂಶ) ಓದಲಾರದು. ಅಕ್ಷರವಾಗಿಯೇ ಕೊಡಿ. ಗ್ರಾಫಿನ ಗೆರೆಗಳನ್ನು ಬರೀ ಕೆಂಪು, ಹಸಿರು ಎಂದು ಗುರುತಿಸಬೇಡಿ, ಬಣ್ಣಗುರುಡು ಇರುವವರಿಗೆ ಎರಡೂ ಒಂದೇ ಕಾಣಬಹುದು. ಚುಕ್ಕೆ, ಗೀಟು ಸೇರಿಸಿ. ವೆಬ್ ಮಾನದಂಡದ ಪ್ರಕಾರ ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರ ಅನುಪಾತದ ವ್ಯತ್ಯಾಸ ಬೇಕು. ವಿಡಿಯೊಗಳಲ್ಲಿ ಮಾತನ್ನು ಕೆಳಗೆ ಅಕ್ಷರದಲ್ಲೂ ತೋರಿಸಿ. ಲ್ಯಾಬಿನ ಒಂದು ಮೇಜಾದರೂ ಗಾಲಿಕುರ್ಚಿ ಒಳಗೆ ಹೋಗುವ ಹಾಗಿರಲಿ.

ಬೇರೆ ಭಾಷೆಯಲ್ಲಿ ಓದಿ ಬಂದವರಿಗೆ ವಿಚಾರ ಗೊತ್ತಿದ್ದು ಪದ ಗೊತ್ತಿಲ್ಲದಿರಬಹುದು. ಮೊದಲು ತಮ್ಮ ಮಾತಿನಲ್ಲೇ ವಿವರಿಸಲಿ, ಪಾರಿಭಾಷಿಕ ಪದ ಆಮೇಲೆ ಬರಲಿ.

ಹೆಜ್ಜೆ 8: ಆಯ್ಕೆ ಮಾಡುವಾಗ ಅಂದಾಜನ್ನು ನಂಬಬೇಡಿ

2012ರಲ್ಲಿ ಕೋರಿನ್ ಮಾಸ್ ರಾಕುಸಿನ್ ಮತ್ತು ಸಂಗಡಿಗರು ಅಮೆರಿಕದ 127 ವಿಜ್ಞಾನ ಪ್ರಾಧ್ಯಾಪಕರಿಗೆ ಲ್ಯಾಬ್ ಮ್ಯಾನೇಜರ್ ಕೆಲಸದ ಒಂದೇ ಅರ್ಜಿ ಕಳಿಸಿದರು. ಅರ್ಧ ಜನರಿಗೆ ಹೋದ ಪ್ರತಿಯಲ್ಲಿ ಹೆಸರು ಜಾನ್, ಉಳಿದವರದರಲ್ಲಿ ಜೆನಿಫರ್. ಜಾನ್ ಹೆಚ್ಚು ಸಮರ್ಥ ಎಂದು ಕಂಡ. ಅವನಿಗೆ ಸರಾಸರಿ 30,238 ಡಾಲರ್ ಸಂಬಳ ಕೊಡಬಹುದು ಎಂದರು. ಜೆನಿಫರ್‌ಗೆ 26,508. ಇನ್ನೊಂದು ಮುಖ್ಯ ಮಾತು: ಹೆಂಗಸರಾದ ಪ್ರಾಧ್ಯಾಪಕರೂ ಗಂಡಸರಷ್ಟೇ ಹೀಗೆ ಭೇದ ಮಾಡಿದ್ದರು.

ಹಾಗಾಗಿ ಅರ್ಜಿ ತೆರೆಯುವ ಮೊದಲೇ ಏನೇನಕ್ಕೆ ಎಷ್ಟು ಅಂಕ ಎಂದು ಬರೆದಿಡಿ. ಸಾಧ್ಯವಾದಲ್ಲಿ ಹೆಸರು ಮುಚ್ಚಿ. ಸಂದರ್ಶನದಲ್ಲಿ ಎಲ್ಲರಿಗೂ ಅದೇ ಪ್ರಶ್ನೆ, ಅದೇ ಕ್ರಮ. ಒಗಟು ಕೇಳಿ ವೇಗ ಅಳೆಯಬೇಡಿ. ಆ ಕೆಲಸದಲ್ಲಿ ದಿನಾ ಮಾಡುವಂಥ ಒಂದು ಚಿಕ್ಕ ಕೆಲಸ ಕೊಟ್ಟು ನೋಡಿ. ಪರೀಕ್ಷೆಯಲ್ಲಿ ವೇಗ ನಿಜಕ್ಕೂ ಬೇಕಾದ ಗುಣವಲ್ಲದಿದ್ದರೆ ಸಮಯ ಜಾಸ್ತಿ ಕೊಡಿ.

ಹೆಜ್ಜೆ 9: ಮೂರು ಲೆಕ್ಕ ಇಡಿ

ಗೋಡೆಗೆ ‘ನೀನು ಸಾಧಿಸಬಲ್ಲೆ’ ಎಂದು ಪೋಸ್ಟರ್ ಹಚ್ಚಿ ಕೈತೊಳೆದುಕೊಳ್ಳುವ ಆಸೆ ಎಲ್ಲರಿಗೂ ಬರುತ್ತದೆ. 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ದೊಡ್ಡ ಅಧ್ಯಯನವೊಂದು ಅಮೆರಿಕದ ಸುಮಾರು 12,000 ಒಂಬತ್ತನೇ ತರಗತಿಯ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ‘ಬುದ್ಧಿ ಬೆಳೆಯುತ್ತೆ’ ಎಂಬ ಪಾಠವನ್ನು ಒಂದು ಗಂಟೆಗಿಂತ ಕಡಿಮೆ ಹೊತ್ತು ಆನ್‌ಲೈನಿನಲ್ಲಿ ಕೊಟ್ಟಿತು. ಕಡಿಮೆ ಅಂಕದ ಮಕ್ಕಳ ಸರಾಸರಿ ಗ್ರೇಡ್ 0.1 ಅಂಶದಷ್ಟು ಏರಿತು. ಅಷ್ಟು ಚಿಕ್ಕ ಪಾಠಕ್ಕೆ ಇದು ಕಡಿಮೆಯೇನಲ್ಲ. ಆದರೆ ಸುತ್ತಲಿನ ಗೆಳೆಯರು ಕಷ್ಟದ ಕೆಲಸಕ್ಕೆ ಬೆಲೆ ಕೊಡುವ ಶಾಲೆಗಳಲ್ಲೇ ಅದರ ಪರಿಣಾಮ ಚೆನ್ನಾಗಿ ಕಂಡಿತು. ಸುತ್ತಲಿನ ಜಾಗ ಬದಲಿಸದೆ ಮಗುವಿನ ಮನಸ್ಸನ್ನು ಮಾತ್ರ ಬದಲಿಸು ಎನ್ನುವುದು, ಎಲ್ಲ ಹೊರೆಯನ್ನೂ ಅದರ ಹೆಗಲ ಮೇಲೇ ಹಾಕಿದಂತೆ.

ಅದಕ್ಕೆ ಒಂದು ನೋಟ್‌ಬುಕ್ ಇಡಿ. ಈ ವಾರ ಯಾರು ಯಾರು ಮಾತಾಡಿದರು? ಉಪಕರಣ ಯಾರ ಕೈಯಲ್ಲಿತ್ತು? ಯಾರು ಬರುವುದನ್ನು ನಿಲ್ಲಿಸಿದರು, ಯಾವ ವಾರ? ಈ ಮೂರನೆಯ ಕಾಲಂನಲ್ಲಿ ಹೆಸರು ಬಂದ ದಿನವೇ ಅವರನ್ನು ಹುಡುಕಿ ಹೋಗಿ. ‘ಯಾಕೆ ಬರಲಿಲ್ಲ’ ಎಂದು ಶುರು ಮಾಡಬೇಡಿ. ‘ಕೊನೆಯದಾಗಿ ಯಾವ ಪಾಠ ನಿನಗೆ ಸರಿಯಾಗಿ ಅರ್ಥವಾಗಿತ್ತು? ಅಲ್ಲಿಂದ ಶುರು ಮಾಡೋಣ’ ಎಂದು ಕೇಳಿ. ಪಕ್ಕದಲ್ಲಿ ಕೂತು, ಆ ಪಾಠದ ಪುಟ ತೆಗೆಯಿರಿ.